ಚಿಹ್ನೆಯ ಜೊತೆ ನಗು ಹೋಗುವುದಿಲ್ಲ

ಜಯನಗರದ ಓದುಗರೊಬ್ಬರು, ತಮ್ಮ ಹೆಸರು ಅಚ್ಚಾಗುವುದು ಬೇಡವೆಂಬ ಕೋರಿಕೆಯೊಡನೆ, ಮೂರು ಪುಟಗಳ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಶಿಂಗ್ ಆಟದ ಬಗ್ಗೆ ಬರೆಯುವಾಗ, ಡಬ್ಬಿ ಬಚ್ಚಿಟ್ಟವರು ಅದರ ವಿವರದ ಜೊತೆ ಹಾಕುವ, ಜಾಗ ಹೇಗಿದೆ, ಏನು ಬೇಕು ಎಂದು ತಿಳಿಸುವ ಅಟ್ರಿಬ್ಯೂಟ್ ಚಿಹ್ನೆಗಳು ನಿಜವಾಗಿರಲೇಬೇಕು ಎಂದು ನಾನು ಬರೆದ ಒಂದು ಸಾಲು ಅವರಿಗೆ ಒಪ್ಪಿಗೆಯಾಗಿಲ್ಲ. ಮನೆಯ ಹತ್ತಿರದ ಪಾರ್ಕಿನಲ್ಲಿ ಅವರೇ ಇಟ್ಟಿರುವ ಪುಟ್ಟ ಡಬ್ಬಿಗೆ ಸ್ಕೂಬಾ (ನೀರಿನಡಿ ಈಜುವ) ಸಲಕರಣೆ, ದೋಣಿ, ಪಾಳುಬಿದ್ದ ಗಣಿ, ಅಪಾಯಕಾರಿ ಪ್ರಾಣಿ ಎಂದೆಲ್ಲ ಸೇರಿಸಿ, ಒಂದು ಡಬ್ಬಿಗೆ ಹಾಕಬಹುದಾದ 15 ಚಿಹ್ನೆಗಳನ್ನೂ ತುಂಬಿಸಿದ್ದಾರಂತೆ. ಪಾರ್ಕಿನಲ್ಲಿ ಸ್ಕೂಬಾ ಎಂದರೆ ತಮಾಷೆಯೆಂದು ಮಗುವಿಗೂ ತಿಳಿಯುತ್ತದೆ ಎಂಬುದು ಅವರ ಮೊದಲ ವಾದ. ಅಪರೂಪದ ಚಿಹ್ನೆಗಳನ್ನು ಕೂಡಿಹಾಕುವವರು ಅವುಗಳಿಗಾಗಿಯೇ ದೂರದಿಂದ ಬರುತ್ತಾರೆ ಎಂಬುದು ಎರಡನೆಯದು. ಒಗಟಿನ ಡಬ್ಬಿಗಳಲ್ಲಿ ಚಿಹ್ನೆಗಳೇ ಸುಳಿವಾಗುವ ರೂಢಿ ಇದೆಯಲ್ಲ ಎಂಬುದು ಮೂರನೆಯದು.

ಮಾನ್ಯರೇ, ತಮ್ಮ ಪತ್ರದಲ್ಲಿ ಈ ಆಟದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆದ್ದರಿಂದಲೇ ಎರಡು ಸಾಲಿನಲ್ಲಿ ಮುಗಿಸದೆ ವಿವರವಾಗಿ ಉತ್ತರಿಸುತ್ತಿದ್ದೇನೆ. ಆಟ ಗೊತ್ತಿಲ್ಲದ ಓದುಗರಿಗಾಗಿ ಒಂದೆರಡು ಮಾತು. 2000ದ ಮೇ 2ರಂದು ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬುವವರು ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ಟನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದರು. ಅಲ್ಲಿಂದ ಬೆಳೆದ ಆಟವಿದು. ಡಬ್ಬಿಯನ್ನು ಹುಡುಕಿ, ಒಳಗಿರುವ ಲಾಗ್ ಹಾಳೆಯಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ಹುಡುಕುವ ಕಷ್ಟಕ್ಕೂ ನೆಲದ ಕಷ್ಟಕ್ಕೂ 1ರಿಂದ 5ರವರೆಗೆ ಅಂಕಗಳಿವೆ. ಅವುಗಳ ಜೊತೆಗೆ ನಾಯಿ ಕರೆತರಬಹುದೇ, ಟಾರ್ಚು ಬೇಕೇ, ಮುಳ್ಳಿದೆಯೇ, ಗಾಲಿಕುರ್ಚಿ ಹೋಗುತ್ತದೆಯೇ ಎಂಬುದನ್ನು ಹೇಳುವ ಚಿತ್ರಚಿಹ್ನೆಗಳಿವೆ. ನಮ್ಮ ಚರ್ಚೆ ಇವುಗಳದ್ದು.

ತಮ್ಮ ಮೊದಲ ವಾದಕ್ಕೆ ಬರುತ್ತೇನೆ. ತಮಾಷೆ ತಮಾಷೆಯೆಂದು ತಿಳಿಯಬೇಕಾದರೆ ಕೇಳುವವನ ಮುಂದೆ ಇಡೀ ಸಂದರ್ಭವಿರಬೇಕು. ಪಾರ್ಕಿನ ಹೆಸರು, ತಾವು ಬರೆದ ವಿವರಣೆ, ಅದರಲ್ಲಿನ ತುಂಟತನ ಎಲ್ಲವನ್ನೂ ಒಟ್ಟಿಗೆ ಓದಿದವರು ಖಂಡಿತ ನಗುತ್ತಾರೆ. ಆದರೆ ಚಿಹ್ನೆಯು ತಮ್ಮ ವಿವರಣೆಯನ್ನು ಬಿಟ್ಟು ಒಂಟಿಯಾಗಿಯೂ ಓಡಾಡುತ್ತದೆ. ಹುಡುಕುವವರು ಸಾವಿರಾರು ಡಬ್ಬಿಗಳನ್ನು ಚಿಹ್ನೆಯ ಆಧಾರದ ಮೇಲೆ ಸೋಸಿ ತಮಗೆ ಬೇಕಾದವನ್ನು ಮಾತ್ರ ಫೋನಿಗೆ ಇಳಿಸಿಕೊಳ್ಳುತ್ತಾರೆ. ಹಾಗೆ ಇಳಿದು ಬರುವ ಕಡತವನ್ನು ಬಿಚ್ಚಿ ನೋಡಿ: ಪ್ರತಿ ಚಿಹ್ನೆಗೂ ಒಂದು ಸಂಖ್ಯೆ, ಅದರ ಪಕ್ಕದಲ್ಲಿ 1 ಅಥವಾ 0. ಸ್ಕೂಬಾ ಎಂದರೆ 5, ಅಪಾಯಕಾರಿ ಪ್ರಾಣಿ ಎಂದರೆ 18, ಗಾಲಿಕುರ್ಚಿ ಎಂದರೆ 24. ಪಕ್ಕದಲ್ಲಿ 1 ಇದ್ದರೆ ಹೌದು, 0 ಇದ್ದರೆ ಇಲ್ಲ. ತಮ್ಮ ನಗುವನ್ನು ಅಲ್ಲಿ ಬರೆದಿಡಲು ಯಾವ ಜಾಗವೂ ಇಲ್ಲ. ನೀರಿಗಿಳಿಯಬೇಕಾದ ಡಬ್ಬಿಗಳು ಬೇಡವೆಂದು ಸೋಸಿದವರಿಗೆ ತಮ್ಮ ಪಾರ್ಕಿನ ಡಬ್ಬಿ ಕಾಣಿಸುವುದೇ ಇಲ್ಲ. ಮನೆಯಿಂದ ಎರಡು ಬೀದಿ ಆಚೆಗಿರುವ ಡಬ್ಬಿ ಅವರ ಪಾಲಿಗೆ ಇಲ್ಲವೇ ಇಲ್ಲ.

ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಮಾತನಾಡುವುದಕ್ಕೆ ಸ್ವಂತದ ಕಾರಣವೂ ಇದೆ. ನನ್ನ ಅಕ್ಕ ಹಲವು ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದಾಳೆ. ಈ ಆಟ ನನಗೆ ಹಿಡಿಸಿದ್ದೇ ಅವಳಿಂದ. ಮನೆಯಲ್ಲಿ ಕುಳಿತು ನಕ್ಷೆ ನೋಡಿ, ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವಳು ಅವಳೇ. ಎರಡು ವರ್ಷದ ಹಿಂದೆ ಊರಂಚಿನ ಕೆರೆಯೊಂದರ ಬಳಿಯ ಡಬ್ಬಿಗೆ ಗಾಲಿಕುರ್ಚಿಯ ಚಿಹ್ನೆ ಇದ್ದುದನ್ನು ನೋಡಿ, ಒಂದು ಭಾನುವಾರ ಬೆಳಿಗ್ಗೆ ಕುರ್ಚಿಯನ್ನು ಮಡಚಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆವು. ಕೆರೆಯ ಪ್ರವೇಶದಲ್ಲಿ ಬೈಕುಗಳು ನುಗ್ಗದಂತೆ ಕಬ್ಬಿಣದ ಕಂಬಗಳನ್ನು ಅಡ್ಡಡ್ಡ ನೆಟ್ಟಿದ್ದರು. ಜನ ಮೈ ತಿರುಗಿಸಿ ನುಸುಳಬಹುದಾದಷ್ಟು ಸಂದು. ಕುರ್ಚಿಯ ಚಕ್ರ ಸಿಕ್ಕಿಕೊಂಡಿತು. ಆಚೆ ನೋಡಿದರೆ ಏರಿಯ ಮೇಲೆ ಜಲ್ಲಿ ಕಿತ್ತುಬಂದಿದ್ದ ಇಳಿಜಾರು. ಅಕ್ಕನನ್ನು ಹೊಂಗೆ ಮರದ ನೆರಳಿನಲ್ಲಿ ಬಿಟ್ಟು ನಾನೊಬ್ಬನೇ ಹೋಗಿ, ಲಾಂಟಾನಾ ಪೊದೆಗಳ ನಡುವೆ ತೆವಳಿಕೊಂಡು ಡಬ್ಬಿ ಹುಡುಕಿ ಬಂದೆ. ವಾಪಸು ಬರುವಾಗ ಫೋನಿನಲ್ಲಿ ವಿವರಣೆಯನ್ನು ಪೂರ್ತಿ ಕೆಳಗಿನವರೆಗೆ ಸರಿಸಿದರೆ, ಚಿಹ್ನೆಗಳನ್ನು ಸುಮ್ಮನೆ ಮೋಜಿಗೆ ಹಾಕಿದ್ದೇನೆ ಎಂಬ ಸಾಲು ಕೊನೆಯಲ್ಲಿತ್ತು. ಅಕ್ಕ ಕೇಳಿದ್ದು ಒಂದೇ ಮಾತು: “ಹಾಳೆಯಲ್ಲಿ ನನ್ನ ಹೆಸರನ್ನೂ ಬರೆದೆಯೇನೋ?” ನಾನು ಬರೆದಿರಲಿಲ್ಲ, ಡಬ್ಬಿಯವರೆಗೆ ಬಂದವರು ಮಾತ್ರ ಬರೆಯಬೇಕೆಂಬ ನಿಯಮವನ್ನು ಅವಳೇ ನನಗೆ ಕಲಿಸಿದ್ದಳು.

ಡಬ್ಬಿ ಇಟ್ಟವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಕಲ್ಪನೆಯಲ್ಲಿ ಆ ಚಿಹ್ನೆಯನ್ನು ನಂಬಿ ಬರುವ ಮನುಷ್ಯರೇ ಇರಲಿಲ್ಲ. ತಾವು ಪತ್ರದಲ್ಲಿ “ಯಾರಿಗೂ ತೊಂದರೆಯಾಗಿಲ್ಲ” ಎಂದು ಬರೆದಿದ್ದೀರಿ. ತೊಂದರೆಯಾದವರು ಬಾಗಿಲಿನಿಂದಲೇ ಹಿಂದಿರುಗಿರುತ್ತಾರೆ, ಅವರ ಲಾಗ್, ಅಂದರೆ ಹುಡುಕಾಟದ ಟಿಪ್ಪಣಿ, ತಮಗೆ ಬರುವುದಿಲ್ಲ.

ಅಪಾಯದ ಚಿಹ್ನೆಗಳ ಬಗ್ಗೆ ಇನ್ನೊಂದು ಆತಂಕವಿದೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಕೆರೆಯ ಅಂಗಳಗಳಲ್ಲಿ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ತುರಹಳ್ಳಿ ಕಾಡಿನಲ್ಲಿ ಚಿರತೆ ಓಡಾಡುತ್ತದೆ. ನಗರದ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ಮಳೆನೀರು ತುಂಬಿ, ಈಜಲು ಇಳಿದ ಹುಡುಗರು ಪ್ರಾಣ ಕಳೆದುಕೊಂಡಿದ್ದಾರೆ. ಅಂಥ ಜಾಗದಲ್ಲಿ ಡಬ್ಬಿ ಇಟ್ಟವರು ಪ್ರಾಮಾಣಿಕವಾಗಿ ಹಾಕಿದ ಅಪಾಯದ ಚಿಹ್ನೆಯನ್ನು, ಜಯನಗರದ ಪಾರ್ಕಿನಲ್ಲಿ ಅದೇ ಚಿಹ್ನೆ ಕಂಡು ನಕ್ಕು ಬಂದ ಹುಡುಗ ಮುಂದಿನ ವಾರ ನೋಡುತ್ತಾನೆ. ಅಲ್ಲಿಯೂ ಅವನು ನಗುತ್ತಾನೆ ಎಂಬುದೇ ನನ್ನ ಭಯ. ಪಾಳುಗಣಿಯ ಚಿಹ್ನೆಯನ್ನೇ ತೆಗೆದುಕೊಳ್ಳಿ. ನಮ್ಮಿಂದ ಸುಮಾರು ನೂರು ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಸುರಂಗಗಳು, ಮೇಲೆ ಸಯನೈಡ್ ದಿಬ್ಬಗಳು ಅಲ್ಲಿವೆ. ಆ ನೆಲದ ಹತ್ತಿರ ಯಾರಾದರೂ ಡಬ್ಬಿ ಇಟ್ಟು ಆ ಚಿಹ್ನೆ ಹಾಕಿದರೆ, ಅದನ್ನು ನೋಡಿದವರ ಹೆಜ್ಜೆ ತಡೆಯಬೇಕು. ತಾವು ಅದನ್ನು ಕಲ್ಲುಬೆಂಚಿನ ಪಕ್ಕದಲ್ಲಿ ಬಳಸಿದಷ್ಟೂ ಅಲ್ಲಿ ಅದರ ಬೆಲೆ ಕುಗ್ಗುತ್ತದೆ.

ಡಬ್ಬಿಯ ವಿವರ ಆಟದ ಜಾಲತಾಣದಲ್ಲಿ ಪ್ರಕಟವಾಗುವ ಮುನ್ನ ಪರಿಶೀಲಿಸುವವರಿದ್ದಾರಲ್ಲ, ಅವರೇ ತಡೆಯಲಿಲ್ಲ ಎಂದೂ ತಾವು ಬರೆದಿದ್ದೀರಿ. ಅವರು ಸ್ವಯಂಸೇವಕರು. ಪಕ್ಕದ ಡಬ್ಬಿಗೆ 161 ಮೀಟರಿನ ಅಂತರವಿದೆಯೇ, ಜಾಗ ನಿಯಮಕ್ಕೆ ಹೊಂದುತ್ತದೆಯೇ ಎಂದು ಕುಳಿತಲ್ಲಿಂದಲೇ ನೋಡಬಲ್ಲರು. ತಮ್ಮ ಪಾರ್ಕಿನ ಮೆಟ್ಟಿಲು ಎಷ್ಟು ಎತ್ತರ, ಗೇಟಿಗೆ ಬೀಗ ಎಷ್ಟು ಗಂಟೆಗೆ ಬೀಳುತ್ತದೆ ಎಂಬುದಕ್ಕೆ ತಾವೊಬ್ಬರೇ ಸಾಕ್ಷಿ. 24 ಗಂಟೆಯೂ ಲಭ್ಯ ಎಂಬ ಚಿಹ್ನೆಯನ್ನೂ ತಾವು ಹಾಕಿದ್ದೀರಿ, ಆದರೆ ಪಾರ್ಕಿಗೆ ರಾತ್ರಿ ಬೀಗ ಹಾಕುತ್ತಾರೆಂದು ಪತ್ರದಲ್ಲೇ ಹೇಳಿದ್ದೀರಿ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಂದವರು ಬೇಲಿ ಹತ್ತಿ, ಕಾವಲುಗಾರರ ಕೈಗೆ ಸಿಕ್ಕಿಬಿದ್ದರೆ, ಕೆಟ್ಟ ಹೆಸರು ಆಟಕ್ಕೇ ಬರುತ್ತದೆ. ಬಿಟ್ಟುಹೋದ ಡಬ್ಬಿ ಕಂಡರೆ ಪೊಲೀಸರಿಗೆ ಫೋನು ಮಾಡುವ ಊರಿನಲ್ಲಿ ನಾವಿದ್ದೇವೆ.

ಅಪರೂಪದ ಚಿಹ್ನೆಗಳನ್ನು ಕೂಡಿಹಾಕುವವರ ವಿಷಯ ಚಿಕ್ಕದು. ನಿಜವಾಗಿ ನೀರಿಗಿಳಿದು ಡಬ್ಬಿ ತೆಗೆದವರಿಗೆ ಸಿಗುವ ಲೆಕ್ಕವೇ ಪಾರ್ಕಿನ ಬೆಂಚಿನಲ್ಲಿ ಕುಳಿತವರಿಗೂ ಸಿಕ್ಕರೆ, ಆ ಲೆಕ್ಕವನ್ನು ಇಟ್ಟುಕೊಳ್ಳುವುದರಲ್ಲಿ ಏನು ಸಂತೋಷ ಉಳಿಯುತ್ತದೆ?

ಒಗಟಿನ ಡಬ್ಬಿಗಳ ಬಗ್ಗೆ ತಾವು ಎತ್ತಿದ ಪ್ರಶ್ನೆ ಮಾತ್ರ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿತು. ಅಲ್ಲಿ ನಕ್ಷೆಯಲ್ಲಿ ಕಾಣುವ ಸ್ಥಳವೇ ಡಬ್ಬಿಯ ಸ್ಥಳವಲ್ಲ. ಒಗಟು ಬಿಡಿಸಿದವರಿಗೆ ಮಾತ್ರ ನಿಜವಾದ ಜಾಗ ಸಿಗುತ್ತದೆ. ಸ್ಥಳವನ್ನೇ ಮರೆಮಾಡಲು ಆಟ ಒಪ್ಪಿರುವಾಗ ಚಿಹ್ನೆಯನ್ನೇಕೆ ತಿರುಚಬಾರದು ಎಂಬ ತಮ್ಮ ತರ್ಕದಲ್ಲಿ ಹುರುಳಿದೆ. ಆದರೂ ನಾನು ಒಪ್ಪಲಾರೆ. ನಕ್ಷೆಯ ಬಿಂದು ಹುಸಿಯೆಂದು ಒಗಟಿನ ಡಬ್ಬಿಯ ಪ್ರಶ್ನಾರ್ಥಕ ಚಿಹ್ನೆಯೇ ಮೊದಲೇ ಹೇಳಿಬಿಡುತ್ತದೆ. ಹುಡುಕುವವರು ಒಪ್ಪಿಯೇ ಆ ಆಟಕ್ಕೆ ಇಳಿಯುತ್ತಾರೆ. ಮುಳ್ಳು, ಮೆಟ್ಟಿಲು, ಹಾವುಗಳ ವಿಷಯದಲ್ಲಿ ಅಂಥ ಮುನ್ಸೂಚನೆ ಇಲ್ಲ. ಸುಳಿವಿಗೆ ವಿವರಣೆಯಿದೆ, ಚಿತ್ರವಿದೆ, ಡಬ್ಬಿಯ ಹೆಸರಿದೆ.

ಹಾಗೆಂದು ಎಲ್ಲ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕೆಂಬ ಕಡ್ಡಾಯವೇನೂ ಇಲ್ಲ. ಗೊತ್ತಿಲ್ಲದಿದ್ದರೆ ಆ ಚಿಹ್ನೆಯನ್ನು ಮುಟ್ಟದೆ ಬಿಟ್ಟುಬಿಡಬಹುದು. ತಮ್ಮ ತಮಾಷೆಯನ್ನು ವಿವರಣೆಗೆ ಸಾಗಿಸಿ: ಪಾರ್ಕಿನ ಕಾರಂಜಿಯಲ್ಲಿ ಸ್ಕೂಬಾ ಹಾಕಿಕೊಂಡು ಇಳಿದ ಕಥೆಯನ್ನು ತಾವು ಪತ್ರದಲ್ಲಿ ಬರೆದಿರುವ ರೀತಿ ಸೊಗಸಾಗಿದೆ, ಅದು ಅಲ್ಲಿಯೇ ಇನ್ನಷ್ಟು ಚೆನ್ನಾಗಿ ಒಪ್ಪುತ್ತದೆ.

ಕೊನೆಗೆ ಒಂದು ಕೋರಿಕೆ. ಪಾರ್ಕಿನ ಪೂರ್ವದ ಗೇಟಿಗೆ ಮೆಟ್ಟಿಲಿಲ್ಲ, ಇಳಿಜಾರಿದೆ, ಡಬ್ಬಿ ಸೊಂಟದೆತ್ತರದಲ್ಲಿ ಬೆಂಚಿನ ಪಕ್ಕವೇ ಇದೆ ಎಂದು ತಾವು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಆದರೆ ತಾವು ಪಟ್ಟಿಮಾಡಿದ ಹದಿನೈದರಲ್ಲಿ ಗಾಲಿಕುರ್ಚಿಯ ಚಿಹ್ನೆ ಇಲ್ಲ. ಒಮ್ಮೆ ಟೇಪು ಹಿಡಿದು ಆ ಗೇಟಿನ ಅಗಲವನ್ನು ಅಳೆಯಿರಿ, ಗೇಟಿನಿಂದ ಬೆಂಚಿನವರೆಗಿನ ಹಾದಿಯನ್ನು ನಡೆದು ನೋಡಿ. ಅಗಲ 90 ಸೆಂಟಿಮೀಟರು ಇದ್ದು, ನಡುವೆ ಕಂಬವೋ ಮೆಟ್ಟಿಲೋ ಅಡ್ಡ ಬರದಿದ್ದರೆ, ಸ್ಕೂಬಾ ತೆಗೆದು ಆ ಚಿಹ್ನೆಯನ್ನು ಹಾಕಿ, ನನಗೆ ಒಂದು ಸಾಲು ಬರೆಯಿರಿ. ಅಕ್ಕನೂ ನಾನೂ ಮುಂದಿನ ಭಾನುವಾರ ಬರುತ್ತೇವೆ.

— ಸಂಪಾದಕ