ಮಗುವಿಗೆ ದಿನವೂ ಅದೇ ಕಥೆ ಏಕೆ ಬೇಕು?

ಪ್ರಶ್ನೆ: ನನ್ನ ಮೊಮ್ಮಗಳಿಗೆ ಮೂರೂವರೆ ವರ್ಷ. ರಾತ್ರಿ ಮಲಗುವಾಗ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಬಿಟ್ಟು ಬೇರೆ ಯಾವುದನ್ನೂ ಕೇಳುವುದಿಲ್ಲ. ಸಗಣಿಯ ಮನೆ ಮಳೆಗೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುವುದು, ಒಳಗಿನಿಂದ ಗುಬ್ಬಕ್ಕ ‘ತಾಳು, ಮಗೀಗೆ ನೀರ್ ಹುಯ್ತಾ ಇದೀನಿ’, ‘ತಾಳು, ಮಗೀಗೆ ಹಾಲು ಕುಡಿಸ್ತಾ ಇದೀನಿ’ ಎಂದು ಒಂದೊಂದೇ ನೆಪ ಹೇಳುವುದು, ಇಷ್ಟೇ ಕಥೆ. ನಾಲ್ಕು ತಿಂಗಳಿಂದ ಇದೇ ನಡೆದಿದೆ. ನಿದ್ದೆಗಣ್ಣಿನಲ್ಲಿ ನಾನು ಒಂದು ಮಾತು ಬಿಟ್ಟರೂ ‘ಹಂಗಲ್ಲ ಅಜ್ಜಿ’ ಎಂದು ಎಬ್ಬಿಸಿ ತಿದ್ದುತ್ತಾಳೆ. ಮಗ ತಂದುಕೊಟ್ಟ ಹೊಸ ಪುಸ್ತಕಗಳೆಲ್ಲ ಹಾಗೆಯೇ ಬಿದ್ದಿವೆ. ಒಂದೇ ಕಥೆ ಹೇಳಿ ಹೇಳಿ ಮಗುವಿನ ಬುದ್ಧಿ ಬೆಳೆಯದಂತೆ ಮಾಡುತ್ತಿದ್ದೇನೆಂದು ಅವನ ಆಕ್ಷೇಪಣೆ. ನಾನು ತಪ್ಪು ಮಾಡುತ್ತಿದ್ದೇನೆಯೇ?
— ಒಬ್ಬ ಅಜ್ಜಿ, ಮದ್ದೂರು ತಾಲ್ಲೂಕು

ಉತ್ತರ: ಖಂಡಿತ ಇಲ್ಲ. ಮೊಮ್ಮಗಳು ನಿಮ್ಮನ್ನು ಎಬ್ಬಿಸಿ ತಿದ್ದುತ್ತಾಳೆ ಎಂದು ಬರೆದಿದ್ದೀರಲ್ಲ, ನಿಮ್ಮ ಮಗನಿಗೆ ಕೊಡಬೇಕಾದ ಉತ್ತರ ಅದರಲ್ಲಿಯೇ ಇದೆ. ಯಾವ ಮಾತಿನ ಹಿಂದೆ ಯಾವ ಮಾತು ಬರಬೇಕೆಂಬುದನ್ನು ಆಕೆ ಪೂರ್ತಿಯಾಗಿ ಮನಸ್ಸಿನಲ್ಲಿಟ್ಟುಕೊಂಡು, ನಿಮ್ಮ ಬಾಯಿಂದ ಹೊರಡುವುದಕ್ಕಿಂತ ಒಂದು ಕ್ಷಣ ಮುಂಚೆಯೇ ಅದನ್ನು ಊಹಿಸುತ್ತ, ಊಹೆಗೆ ಸರಿಹೊಂದದ್ದನ್ನು ತಕ್ಷಣ ಹಿಡಿಯುತ್ತಿದ್ದಾಳೆ. ಮೂರೂವರೆ ವರ್ಷದ ಮಗುವಿಗೆ ಇದು ಸಣ್ಣ ಕೆಲಸವಲ್ಲ, ಮತ್ತು ಮೊದಲ ಸಲ ಕೇಳುವ ಕಥೆಯಲ್ಲಿ ಈ ಕೆಲಸ ಸಾಧ್ಯವೇ ಇಲ್ಲ.

ದೊಡ್ಡವರಾದ ನಮಗೆ ಅದೇ ಕಥೆ ಎಂದರೆ ಅದೇ ಕಥೆ, ಮಗುವಿಗೆ ಹಾಗಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಮೊದಲ ಸಲ ಹೋದವರಿಗೆ ಜನಜಂಗುಳಿ, ಬಣ್ಣ, ಗದ್ದಲ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ನಾಲ್ಕಾರು ಸಲ ಹೋದ ಮೇಲೆ ಹೂವಿನ ಸಾಲು ಎಲ್ಲಿ, ವೀಳ್ಯದೆಲೆ ಎಲ್ಲಿ, ಯಾರ ಬಳಿ ಚೌಕಾಸಿ ನಡೆಯುತ್ತದೆ ಎಂಬುದೆಲ್ಲ ಒಂದೊಂದಾಗಿ ಕಾಣಿಸತೊಡಗುತ್ತದೆ. ಮಾರುಕಟ್ಟೆ ಬದಲಾಗಿರುವುದಿಲ್ಲ, ಗೊತ್ತಿರುವುದರ ಮೇಲೆ ಗಮನ ವ್ಯಯವಾಗದೆ ಉಳಿದದ್ದರಿಂದ ಗೊತ್ತಿಲ್ಲದ್ದನ್ನು ನೋಡಲು ಬಿಡುವು ಸಿಕ್ಕಿರುತ್ತದೆ. ನಿಮ್ಮ ಮೊಮ್ಮಗಳು ಮೊದಲ ವಾರ ಕಾಗೆ, ಗುಬ್ಬಿ, ಮಳೆಗಳನ್ನು ಮಾತ್ರ ಹಿಡಿದಿರಬಹುದು. ಸಗಣಿಯ ಮನೆ ಮಳೆಗೆ ಏಕೆ ಕರಗಿತು ಎಂಬುದು ಆಮೇಲೆ ಹೊಳೆದಿರುತ್ತದೆ. ಗುಬ್ಬಕ್ಕ ಹೇಳುತ್ತಿರುವುದು ನಿಜವೋ ನೆಪವೋ ಎಂಬ ಅನುಮಾನ ಬರಲು ಇನ್ನೂ ಎಷ್ಟೋ ರಾತ್ರಿಗಳು ಬೇಕು, ಏಕೆಂದರೆ ಒಬ್ಬರು ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರಬಹುದು ಎಂಬ ತಿಳಿವಳಿಕೆ ಈ ವಯಸ್ಸಿನಲ್ಲಿ ಈಗಷ್ಟೇ ಮೊಳೆಯುತ್ತಿರುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿ ಹೇಳಿದರು, ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿ ಹೇಳಿದರು. ಮಕ್ಕಳು ಹಿಂದೆಂದೂ ಕೇಳಿರದ ಪದಗಳನ್ನು ಕಥೆಗಳಲ್ಲಿ ಸೇರಿಸಿದ್ದರು, ಮತ್ತು ಆ ಪದಗಳು ಕಿವಿಗೆ ಬೀಳುವ ಸಂಖ್ಯೆ ಎರಡೂ ಗುಂಪುಗಳಿಗೆ ಸಮನಾಗಿರುವಂತೆ ನೋಡಿಕೊಂಡಿದ್ದರು. ಹೊಸ ಪದಗಳನ್ನು ಚೆನ್ನಾಗಿ ಕಲಿತವರು ಒಂದೇ ಕಥೆ ಕೇಳಿದ ಮಕ್ಕಳು. ಪದ ಎಷ್ಟು ಸಲ ಕೇಳಿಸಿತು ಎಂಬುದರ ಜೊತೆಗೆ ಪರಿಚಯದ ಸಂದರ್ಭದಲ್ಲಿಯೇ ಮತ್ತೆ ಕೇಳಿಸಿತೇ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಹೊಸ ಪುಸ್ತಕಗಳ ರಾಶಿಯನ್ನು ನಂಬಿರುವ ನಿಮ್ಮ ಮಗನಿಗೆ ಈ ಸಂಗತಿಯನ್ನು ತಿಳಿಸಬಹುದು.

ನಿಮ್ಮ ಕಥೆಯ ಕಟ್ಟಡವನ್ನೇ ಒಮ್ಮೆ ಗಮನಿಸಿ. ‘ತಾಳು, ಮಗೀಗೆ’ ಎಂಬ ಚೌಕಟ್ಟು ಪ್ರತಿ ಸಲವೂ ಹಾಗೆಯೇ ನಿಲ್ಲುತ್ತದೆ, ಮುಂದಿನ ಕೆಲಸ ಮಾತ್ರ ಬದಲಾಗುತ್ತದೆ: ಹಾಲು ಕುಡಿಸುವುದು, ಬಟ್ಟೆ ಉಡಿಸುವುದು, ತೊಟ್ಟಿಲಲ್ಲಿ ಮಲಗಿಸುವುದು. ಕುಡಿ ಎಂಬುದು ಕುಡಿಸು ಆಗುತ್ತದೆ, ಮಲಗು ಎಂಬುದು ಮಲಗಿಸು ಆಗುತ್ತದೆ, ತಾನು ಮಾಡುವುದಕ್ಕೂ ಇನ್ನೊಬ್ಬರಿಂದ ಮಾಡಿಸುವುದಕ್ಕೂ ಕನ್ನಡದಲ್ಲಿ ಇಷ್ಟೇ ವ್ಯತ್ಯಾಸ ಎಂಬ ವ್ಯಾಕರಣದ ಪಾಠವನ್ನು ಯಾವ ಪುಸ್ತಕದ ಸಹಾಯವೂ ಇಲ್ಲದೆ ಗುಬ್ಬಕ್ಕ ಹೇಳಿಕೊಡುತ್ತಿದ್ದಾಳೆ. ಸ್ಥಿರವಾಗಿರುವ ಭಾಗವಿದ್ದರೆ ತಾನೇ ಬದಲಾದ ಭಾಗ ಎದ್ದು ಕಾಣುವುದು? ನಿಮ್ಮ ಮೊಮ್ಮಗಳು ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ‘ತಾಳು, ಬೊಂಬೇಗೆ ಜಡೆ ಹಾಕ್ತಾ ಇದೀನಿ’ ಎಂದು ಕಥೆಯಲ್ಲಿಲ್ಲದ ಒಂದು ಸಾಲನ್ನು ತಾನೇ ಹೊಸೆದ ದಿನ, ಅದು ಬಾಯಿಪಾಠವಾಗಿ ಉಳಿಯದೆ ಭಾಷೆಯಾಗಿದೆ ಎಂದು ತಿಳಿಯಿರಿ. ಬಹುಶಃ ಆ ದಿನ ಈಗಾಗಲೇ ಬಂದು ಹೋಗಿದ್ದು ನೀವು ಗಮನಿಸಿಲ್ಲದಿರಬಹುದು.

ದೇಹದ ಕಲಿಕೆಯೂ ಹೀಗೆಯೇ. ನಡೆಯಲು ಕಲಿಯುತ್ತಿರುವ ಒಂದರಿಂದ ಒಂದೂವರೆ ವರ್ಷದ ಮಕ್ಕಳನ್ನು ಸಂಶೋಧಕರು ಆಟವಾಡಲು ಬಿಟ್ಟು ಎಣಿಸಿದಾಗ, ಅವರು ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟಿದ್ದರು, 17 ಸಲ ಬಿದ್ದಿದ್ದರು. ‘ನೆನ್ನೆ ನಡೆದದ್ದಾಯಿತಲ್ಲ, ಇವತ್ತು ಬೇರೇನಾದರೂ ಮಾಡು’ ಎಂದು ಆ ಮಕ್ಕಳಿಗೆ ನಾವು ಹೇಳುವುದಿಲ್ಲ. ಮತ್ತೆ ಮತ್ತೆ ಬಳಕೆಯಾಗುವ ನರಕೋಶಗಳ ಸಂಪರ್ಕ ಬಲಗೊಳ್ಳುತ್ತದೆ, ಬಳಕೆಯಾಗದ್ದು ಕ್ರಮೇಣ ಕಳಚಿಹೋಗುತ್ತದೆ. ಮಿದುಳಿನ ಮಟ್ಟದಲ್ಲಿ ನಡೆಯುವುದು ಇದು.

ಇನ್ನು ನೀವು ಮಾಡಬಹುದಾದದ್ದು. ಕಥೆಯನ್ನು ಬದಲಿಸಬೇಡಿ, ಹೇಳುವ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಅವಳಿಗೆ ದಾಟಿಸಿ. ‘ತಾಳು, ಮಗೀಗೆ...’ ಎಂದು ನಿಲ್ಲಿಸಿ ಕಾಯಿರಿ, ಮುಂದಿನದನ್ನು ಅವಳು ಹೇಳಲಿ. ಒಂದು ರಾತ್ರಿ ಗುಬ್ಬಕ್ಕ ಏಕೆ ಬಾಗಿಲು ತೆಗೆಯಲಿಲ್ಲ ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ಒತ್ತಾಯಿಸದೆ ಕಥೆ ಮುಂದುವರಿಸಿ. ಮಗ ತಂದ ಪುಸ್ತಕಗಳನ್ನು ಮಲಗುವ ಹೊತ್ತಿಗೆ ತೆಗೆಯದೆ, ಬೆಳಗಿನ ಹೊತ್ತು ಜಗಲಿಯಲ್ಲಿ ಒಂದನ್ನು ಮಾತ್ರ ತೆಗೆದು ತೋರಿಸಿ. ನಾಲ್ಕು ತಿಂಗಳಿಂದ ಅದನ್ನೇ ಹೇಳುತ್ತಿರುವ ನಿಮಗೆ ಬೇಸರವಾಗುವುದು ಸಹಜವೇ. ಮೂವತ್ತು ವರ್ಷ ಶಿಶುವಿಹಾರದಲ್ಲಿ ಅವೇ ಹಾಡುಗಳನ್ನು ಹಾಡಿದ ನನಗೂ ಆಗುತ್ತಿತ್ತು. ಕಥೆಯಿಂದ ಸಿಗಬೇಕಾದದ್ದು ಸಿಕ್ಕಿದ ಮೇಲೆ ಅವಳೇ ಬೇರೆ ಕಥೆ ಕೇಳುತ್ತಾಳೆ.

ಪ್ರಶ್ನೆ: ಎಲ್.ಕೆ.ಜಿ. ಓದುತ್ತಿರುವ ನನ್ನ ಮಗನಿಗೆ ನಾಲ್ಕು ವರ್ಷ. ಶಾಲೆಯಲ್ಲಿ ದಿನವೂ ಒಂದೇ ಅಕ್ಷರವನ್ನು ಎರಡು ಪುಟ ತುಂಬ ಬರೆಸಿಕೊಂಡು ಬರುವಂತೆ ಹೇಳುತ್ತಾರೆ. ಮಗು ಪೆನ್ಸಿಲ್ ಹಿಡಿದರೆ ಅಳುತ್ತದೆ. ಪುನರಾವರ್ತನೆಯಿಂದಲೇ ಕಲಿಕೆ ಎಂದು ಶಿಕ್ಷಕಿಯರು ಹೇಳುತ್ತಾರೆ. ಇದು ಸರಿಯೇ?
— ಒಬ್ಬ ತಂದೆ, ಕುವೆಂಪುನಗರ, ಮೈಸೂರು

ಉತ್ತರ: ಶಿಕ್ಷಕಿಯರ ಮಾತು ಸರಿ, ಮಾಡಿಸುತ್ತಿರುವ ರೀತಿ ಸರಿಯಲ್ಲ. ಮೇಲಿನ ಅಜ್ಜಿಯ ಮೊಮ್ಮಗಳು ಕಥೆಯನ್ನು ತಾನೇ ಕೇಳಿ ಹೇಳಿಸಿಕೊಳ್ಳುತ್ತಾಳೆ. ನಿಮ್ಮ ಮಗನ ಎರಡು ಪುಟ ಬೇರೆಯವರ ಬೇಡಿಕೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ ಅವರು ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಉರುಳೆಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುವುದನ್ನು, ಸುತ್ತಲಿನ ಗದ್ದಲಕ್ಕೆ ತಲೆ ಎತ್ತದೆ, ನಲವತ್ತಕ್ಕೂ ಹೆಚ್ಚು ಸಲ ಮಾಡಿದ್ದನ್ನು ಎಣಿಸಿ ಬರೆದಿಟ್ಟಿದ್ದಾರೆ. ಅದನ್ನು ಮಾಡು ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ಮತ್ತು ಪ್ರತಿ ಸಲವೂ ಸರಿಯೋ ತಪ್ಪೋ ಎಂಬುದನ್ನು ಗುಳಿಯೇ ಹೇಳುತ್ತಿತ್ತು. ಎರಡು ಪುಟದ ‘ಅ’ದಲ್ಲಿ ಮೊದಲ ಸಾಲು ಚೆನ್ನಾಗಿದ್ದು ಕೊನೆಯ ಸಾಲು ಕೆಟ್ಟಿದ್ದರೆ, ಮಗು ಅಭ್ಯಾಸ ಮಾಡುತ್ತಿರುವುದು ಕೆಟ್ಟ ‘ಅ’ವನ್ನು.

ಒಂದೇ ದಿನಕ್ಕೆ ತುಂಬುವುದೂ ಲಾಭವಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ಅರ್ಥವಿಲ್ಲದ ಉಚ್ಚಾರಗಳ ಒಂದು ಸಾಲನ್ನು ಮೂರು ದಿನಗಳಿಗೆ ಹಂಚಿ 38 ಸಲ ಓದಿದ್ದು ಒಂದೇ ದಿನ 68 ಸಲ ಓದಿದ್ದಕ್ಕೆ ಸಮನಾಗಿತ್ತು. ಅದು ವಯಸ್ಕನೊಬ್ಬನ ಅನುಭವವಾದರೂ, ನಡುವೆ ಬಿಡುವು ಕೊಟ್ಟ ಅಭ್ಯಾಸ ಹೆಚ್ಚು ನಿಲ್ಲುತ್ತದೆ ಎಂಬುದು ಆಮೇಲೆ ಮಕ್ಕಳಲ್ಲಿಯೂ ಕಂಡುಬಂದಿದೆ.

ಮನೆಯಲ್ಲಿ ಅಕ್ಷರಾಭ್ಯಾಸದ ದಿನದಂತೆಯೇ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ತಿದ್ದಿಸಿ, ದಿನಕ್ಕೆ ನಾಲ್ಕೈದು ಸಲ ಸಾಕು. ನಾಳೆ ಅದೇ ಅಕ್ಷರವನ್ನು ಬಸ್ಸಿನ ಹಲಗೆಯ ಮೇಲೆ, ಅಂಗಡಿಯ ಹೆಸರಿನಲ್ಲಿ ಹುಡುಕಿಸಿ. ಕನ್ನಡದ 49 ಅಕ್ಷರಗಳು ಕಾಗುಣಿತ, ಒತ್ತಕ್ಷರಗಳೊಡನೆ ನೂರಾರು ರೂಪಗಳಾಗುತ್ತವೆ; ಬ-ಭ, ದ-ಧ, ಪ-ಷಗಳ ಗೊಂದಲ ತೀರಲು ಪ್ರಾಥಮಿಕ ಶಾಲೆಯ ವರ್ಷಗಳೇ ಬೇಕಾಗುತ್ತವೆ. ನಾಲ್ಕನೆಯ ವರ್ಷಕ್ಕೆ ಅವಸರವೇನಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ ಆಟದ ಕಲಿಕೆಗೆ ಒತ್ತು ಕೊಟ್ಟಿದೆ. ಇದನ್ನು ಶಾಲೆಯವರೊಂದಿಗೆ ಜಗಳವಾಗದಂತೆ ಮಾತನಾಡಿ, ಎರಡು ಪುಟವನ್ನು ಎರಡು ಸಾಲಿಗೆ ಇಳಿಸುವಂತೆ ಕೇಳಿಕೊಳ್ಳಿ.

ಪ್ರಶ್ನೆ: ಮೂರು ವರ್ಷ ತುಂಬಿದ ನನ್ನ ಮಗ ‘ಊಟ ಮಾಡ್ತೀಯಾ?’ ಎಂದರೆ ‘ಊಟ ಮಾಡ್ತೀಯಾ?’ ಎಂದೇ ಹೇಳುತ್ತಾನೆ. ಆಟದ ಕಾರಿನ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತಾನೆ. ಇದೂ ಕಲಿಕೆಯ ಪುನರಾವರ್ತನೆಯೇ?
— ಒಬ್ಬ ತಾಯಿ, ಶ್ರೀರಂಗಪಟ್ಟಣ

ಉತ್ತರ: ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳುವುದು ಮಾತು ಕಲಿಯುವ ಎಲ್ಲ ಮಕ್ಕಳಲ್ಲಿಯೂ ಇರುತ್ತದೆ, ಸಾಮಾನ್ಯವಾಗಿ ಮೂರರ ಹೊತ್ತಿಗೆ ಕಡಿಮೆಯಾಗುತ್ತದೆ. ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಕಾರನ್ನು ಕಾರಿನಂತೆ ಓಡಿಸಿ ಆಡುವುದೂ ಉಂಟೇ ಎಂದು ಗಮನಿಸಿ. ಇವು ಕಾಣದಿದ್ದರೆ ‘ಗಂಡು ಮಕ್ಕಳಿಗೆ ಮಾತು ತಡ’ ಎನ್ನುವವರ ಮಾತು ಕೇಳಿ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಿಮಗೆ ಹತ್ತಿರದಲ್ಲಿಯೇ ಇದೆ. ಅಲ್ಲಿ ಮೊದಲು ಕಿವಿಯನ್ನು, ಆಮೇಲೆ ಮಾತನ್ನು ಪರೀಕ್ಷೆ ಮಾಡಿಸಿ. ಹೋಗುವ ಮುನ್ನ ಅವನು ದಿನವಿಡೀ ತಾನಾಗಿಯೇ ಆಡಿದ ಮಾತುಗಳನ್ನು, ನಿಮ್ಮಿಂದ ಕೇಳಿ ತಿರುಗಿ ಹೇಳಿದ ಮಾತುಗಳನ್ನು ಬೇರೆ ಬೇರೆಯಾಗಿ ಒಂದು ಹಾಳೆಯಲ್ಲಿ ಬರೆದುಕೊಂಡಿರಿ, ಪರೀಕ್ಷಿಸುವವರಿಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ.