ಎಡಗಡೆಯ ಪಲ್ಯ

ಮೆದುಳಿನ ಒಂದು ಭಾಗ ಹಾಳಾದರೆ, ಅಥವಾ ಹುಟ್ಟುವಾಗಲೇ ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಡೊಂಬಿವಿಲಿಯ ನಮ್ಮ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಅಪ್ಪಯ್ಯನಿಗೆ ಸ್ಟ್ರೋಕ್ ಆಗಿ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿತ್ತು. ಮಾತು, ನೆನಪು ಎರಡೂ ಸರಿ ಇದ್ದವು. ಮನೆಗೆ ಬಂದ ದಿನ ಊಟಕ್ಕೆ ಕೂತರು. ಬಲಗಡೆಯ ಅನ್ನ, ಸಾರು ಖಾಲಿ. ಎಡಗಡೆಯ ಬೀನ್ಸ್ ಪಲ್ಯ ಹಾಗೇ ಇದೆ. "ಪಲ್ಯ ಹಾಕಲೇ ಇಲ್ವಲ್ಲ?" ಅಂದರು. ಅಮ್ಮ ಸುಮ್ನೆ ತಟ್ಟೆ ತಿರುಗಿಸಿದರು. ಪಲ್ಯ ಕಂಡಿತು, ತಿಂದರು. ಗಡ್ಡ ಹೆರೆದರೂ ಬಲ ಕೆನ್ನೆ ಮಾತ್ರ. ಕಣ್ಣಿನ ದೋಷ ಅಂದುಕೊಂಡೆವು. ತೋರಿಸಿದರೆ ಕಣ್ಣು ಸರಿಯಾಗಿತ್ತು. ಮೆದುಳಿನ ಬಲಭಾಗ ಎಡಗಡೆಯನ್ನು ನೋಡಿಕೊಳ್ಳುವುದರಿಂದ, ಎಡಗಡೆಗೆ ಗಮನ ಹೋಗುವುದೇ ನಿಂತಿತ್ತು. ಇದಕ್ಕೆ ನೆಗ್ಲೆಕ್ಟ್ ಅನ್ನುತ್ತಾರೆ.

ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟ್ಟಿ 1978ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಮಿಲಾನಿನ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ನೋಡಿ ಹೇಳಿ ಅಂದರೆ, ಬಲಗಡೆಯ ಕಟ್ಟಡಗಳನ್ನೇ ಹೇಳುತ್ತಿದ್ದರಂತೆ. ಅದನ್ನು ಓದಿ ನಾನೂ ಕೇಳಿದೆ. ಅಪ್ಪಯ್ಯ 30 ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. "ಬಾಗಿಲಲ್ಲಿ ನಿಂತು ಒಳಗೆ ನೋಡ್ತಾ ಇದ್ದೀರಿ ಅಂದ್ಕೊಳ್ಳಿ, ಏನೇನಿದೆ?" ಗಲ್ಲಾ, ದೇವರ ಫೋಟೊ, ಮಿಠಾಯಿ ಕಪಾಟು ಅಂದರು. ಎಲ್ಲ ಬಲಗಡೆಯವು. "ಈಗ ಅಡುಗೆಮನೆ ಕಡೆಯಿಂದ ಬಾಗಿಲು ನೋಡಿ" ಅಂದೆ. ಕೈ ತೊಳೆಯುವ ಬೇಸಿನ್, ಫ್ಯಾಮಿಲಿ ರೂಮು ಬಂತು. 30 ವರ್ಷ ಕೂತ ಗಲ್ಲಾದ ಹೆಸರೇ ಬರಲಿಲ್ಲ. ನೆನಪು ಅಳಿಸಿಲ್ಲ, ಅದರ ಎಡಭಾಗಕ್ಕೆ ಹೋಗುವ ದಾರಿ ಮುಚ್ಚಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹುಟ್ಟಿನಿಂದಲೇ ಇಲ್ಲದಿದ್ದರೆ ಕಥೆ ಬೇರೆ. ಚೀನಾದಲ್ಲಿ 24 ವರ್ಷದ ಹೆಂಗಸೊಬ್ಬರು ತಲೆಸುತ್ತು ಅಂತ ಆಸ್ಪತ್ರೆಗೆ ಬಂದರು. ಸ್ಕ್ಯಾನ್ ಮಾಡಿದರೆ, ನಡಿಗೆ, ಸಮತೋಲನ ನೋಡಿಕೊಳ್ಳುವ ಕಿರುಮೆದುಳೇ ಇಲ್ಲ! 2014ರಲ್ಲಿ ಡಾಕ್ಟರುಗಳು ಇದನ್ನು ಪ್ರಕಟಿಸಿದರು. ಆಕೆ ನಡೆಯಲು ಕಲಿತದ್ದು 7ನೇ ವರ್ಷಕ್ಕೆ, ನಡಿಗೆಯೂ ಅಷ್ಟು ಗಟ್ಟಿಯಿರಲಿಲ್ಲ. ಆದರೂ ಮದುವೆಯಾಗಿ ಮಗುವಿತ್ತು. ಬೆಳೆಯುವ ಮೆದುಳಿನಲ್ಲಿ ಉಳಿದ ಭಾಗಗಳು ಆ ಕೆಲಸವನ್ನು ಸಾಕಷ್ಟು ಮಟ್ಟಿಗೆ ವಹಿಸಿಕೊಳ್ಳಬಲ್ಲವು. ವಯಸ್ಸಾದ ಮೇಲೆ ಒಂದೇ ರಾತ್ರಿಯಲ್ಲಿ ಕಳೆದುಕೊಂಡವರಿಗೆ ಅಷ್ಟು ಸುಲಭ ಅಲ್ಲ, ಅಲ್ವಾ?

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಹಠ ಅಂತ ಬೈಯಬೇಡಿ. ನಾವು ಮೊದಲ ವಾರ ಬೈದಿದ್ದೆವು. ಆಮೇಲೆ ಥೆರಪಿಯವರು ಹೇಳಿದಂತೆ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದೆವು. "ಕೆಂಪು ಕಾಣುವವರೆಗೆ ತಲೆ ತಿರುಗಿಸಿ" ಅಂತ ಅಮ್ಮ ಪ್ರತಿ ಊಟಕ್ಕೂ ಹೇಳುತ್ತಾರೆ. ಈಗ ವಾರದಲ್ಲಿ ನಾಲ್ಕೈದು ದಿನ ಪಲ್ಯ ತಾವಾಗಿಯೇ ಹುಡುಕಿಕೊಳ್ಳುತ್ತಾರೆ.