ಒಂದೇ ಫೋಟಾನ್ ಎಂಬ ಖಾತ್ರಿ

ಪ್ರಶ್ನೆ: ಒಂದು ಬಾರಿಗೆ ಒಂದೇ ಫೋಟಾನ್ (ಬೆಳಕಿನ ಬಿಡಿ ಕಣ) ಕೊಡುವ ಬೆಳಕಿನ ಮೂಲವನ್ನು ಡಿಟೆಕ್ಟರ್ ಸುಧಾರಿಸುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಲೇಸರ್ ಬೆಳಕನ್ನು ವಿಶೇಷ ಹರಳಿನ ಮೂಲಕ ಹಾಯಿಸಿದಾಗ, ಅಪರೂಪಕ್ಕೊಮ್ಮೆ ಒಂದು ಫೋಟಾನ್ ಕಡಿಮೆ ಶಕ್ತಿಯ ಜೋಡಿಯಾಗಿ ಒಡೆಯುತ್ತದೆ, ಜೋಡಿಯಲ್ಲಿ ಒಂದನ್ನು ಡಿಟೆಕ್ಟರ್ ಹಿಡಿದರೆ, ಇನ್ನೊಂದು ಹೊರಟಿದೆಯೆಂಬ ಸೂಚನೆ ಸಿಗುತ್ತದೆ. ತೊಡಕೆಂದರೆ, ಕೆಲವೊಮ್ಮೆ ಎರಡು ಜೋಡಿಗಳು ಒಟ್ಟಿಗೇ ಹುಟ್ಟಿ ಒಂದರ ಬದಲು ಎರಡು ಫೋಟಾನ್ ಹೊರಡುತ್ತವೆ, ಮತ್ತು ಸಾಮಾನ್ಯ ಡಿಟೆಕ್ಟರ್ ಫೋಟಾನ್ ಬಂದದ್ದನ್ನು ಹೇಳುತ್ತದೆಯೇ ಹೊರತು ಎಷ್ಟು ಬಂದವೆಂದು ಹೇಳುವುದಿಲ್ಲ. ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಕೆಲಸ ಮಾಡುವ, ಅತಿವಾಹಕ (ವಿದ್ಯುತ್ತಿಗೆ ತಡೆಯೊಡ್ಡದ) ನ್ಯಾನೋತಂತಿಯ, ಅಂದರೆ ಅತಿ ಸೂಕ್ಷ್ಮ ತಂತಿಯ, ಕೆಲವು ಡಿಟೆಕ್ಟರ್‌ಗಳಲ್ಲಿ ಎರಡು ಫೋಟಾನ್ ಬಿದ್ದಾಗ ವಿದ್ಯುತ್ ಮಿಡಿತ ತುಸು ಬೇಗ ಮೇಲೇರುವುದರಿಂದ, ಆ ವ್ಯತ್ಯಾಸವನ್ನು ಅಳೆದು ಅಂಥ ಸಂದರ್ಭಗಳನ್ನು ಕೈಬಿಡಬಹುದು. ಆದರೆ ದಕ್ಷತೆ (ಬಂದ ಫೋಟಾನ್‌ಗಳಲ್ಲಿ ಎಷ್ಟು ಪಾಲನ್ನು ಹಿಡಿಯುತ್ತದೆ ಎಂಬುದು) ಸಾಲದ ಡಿಟೆಕ್ಟರ್‌ಗೆ ಎರಡರಲ್ಲಿ ಒಂದು ಕಾಣದೇ ಹೋಗಬಹುದಾದ್ದರಿಂದ, ಎಣಿಸುವ ಸಾಮರ್ಥ್ಯದಷ್ಟೇ ದಕ್ಷತೆಯೂ ಮುಖ್ಯವೆಂದು ನಾನು ಒತ್ತಿ ಹೇಳುತ್ತೇನೆ.